ಅಜ್ಜನ ಕಾಲದ ಪೆಟ್ಟಿಗೆಗೆ ಯಾವ ಪಾಲಿಶ್ ಹಚ್ಚಲಿ?

ಓದುಗರ ಪ್ರಶ್ನೆ: ಕುಮಟಾ ಹತ್ತಿರದ ನಮ್ಮ ಹಳೇ ಮನೆಯಲ್ಲಿ ಅಜ್ಜನ ಕಾಲದ ಬೀಟೆ ಮರದ ಪೆಟ್ಟಿಗೆ ಇದೆ. ಮಳೆಗಾಲ ಬಂತೆಂದರೆ ಮೈತುಂಬ ಬಿಳಿ ಬೂಸ್ಟು. ಅಂಗಡಿಯಲ್ಲಿ ಸ್ಪ್ರೇ, ಎಣ್ಣೆ, ವಾರ್ನಿಶ್ ಎಲ್ಲ ಸಿಗುತ್ತದೆ. ಯಾವುದು ಒಳ್ಳೆಯದು?

ಉತ್ತರ: ಸದ್ಯಕ್ಕೆ ಏನನ್ನೂ ಹಚ್ಚಬೇಡಿ. ಪೆಟ್ಟಿಗೆಯ ಮೇಲೆ ಈಗಾಗಲೇ ಏನಿದೆ ಅಂತ ಮೊದಲು ತಿಳಿಯಬೇಕು. ಹಳೇ ಸಾಮಾನಿನ ಮೇಲೆ ಅರಗಿನ ಪಾಲಿಶ್ ಇರುವುದು ಜಾಸ್ತಿ. ಫ್ರೆಂಚ್ ಪಾಲಿಶ್ ಅನ್ನುವುದು ಇದನ್ನೇ. ಹಿಂಬದಿಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಜಾಗ ಅಂಟಂಟಾಗಿ, ಹತ್ತಿಗೆ ಕಂದು ಬಣ್ಣ ಹತ್ತಿದರೆ ಅದು ಅರಗು. ಹಾಗಾಗದಿದ್ದರೆ ಒಂದು ಹನಿ ನೀರು ಬಿಟ್ಟು ನೋಡಿ. ಮರ ಅದನ್ನು ಹೀರಿಕೊಂಡು ಕಪ್ಪಾದರೆ ಮೇಲೆ ಲೇಪವೇ ಉಳಿದಿಲ್ಲ ಎಂದರ್ಥ.

ಈ ಎರಡಕ್ಕೂ ನಾನು ಹೇಳುವುದು ಜೇನುಮೇಣವನ್ನೇ. ಒಂದು ಪಾಲು ಮೇಣ, ಎರಡು ಮೂರು ಪಾಲು ಟರ್ಪೆಂಟೈನ್. ಮೇಣ ಸುಮಾರು 63 ಡಿಗ್ರಿಗೆ ಕರಗುತ್ತದೆ, ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟರೆ ಸಾಕು. ಒಲೆ ಆರಿಸಿ, ಪಾತ್ರೆಯನ್ನು ಅಂಗಳಕ್ಕೆ ತಂದ ಮೇಲೆಯೇ ಟರ್ಪೆಂಟೈನ್ ಬೆರೆಸಿ, ಅದು ಬೇಗ ಹೊತ್ತಿಕೊಳ್ಳುತ್ತದೆ. ಟರ್ಪೆಂಟೈನ್ ಅರಗನ್ನು ಕರಗಿಸುವುದಿಲ್ಲ. ಹಾಗಾಗಿ ಅಜ್ಜನ ಕಾಲದ ಪಾಲಿಶ್ ಹಾಗೇ ಉಳಿಯುತ್ತದೆ, ಅಲ್ವಾ? ನಾಳೆ ಬೇಡವೆನಿಸಿದರೆ ಮೇಣವನ್ನು ಟರ್ಪೆಂಟೈನ್‌ನಿಂದಲೇ ಒರೆಸಿ ತೆಗೆಯಬಹುದು.

ತೆಂಗಿನೆಣ್ಣೆ ಬೇಡ. ನಮ್ಮ ಮನೆಯ ತೊಟ್ಟಿಲಿಗೆ ಒಮ್ಮೆ ಹಚ್ಚಿದ್ದೆವು. ಎರಡು ದಿನ ಫಳಫಳ ಅಂದಿತು. ಆಮೇಲೆ ಕೆತ್ತನೆಯ ಬಳ್ಳಿಯ ಸಂದಿಯಲ್ಲೆಲ್ಲ ಧೂಳು ಕೂತು, ಕಪ್ಪು ಜಿಡ್ಡಾಗಿ, ಆಷಾಢದಲ್ಲಿ ಅದರ ಮೇಲೇ ಬೂಸ್ಟು ಬೆಳೆಯಿತು. ಆ ಎಣ್ಣೆ ಒಣಗುವುದೇ ಇಲ್ಲ. ಅಗಸೆ ಎಣ್ಣೆ ಒಣಗುತ್ತದೆ ನಿಜ, ಆದರೆ ವರ್ಷ ಹೋದಂತೆ ಮರವನ್ನು ಕಪ್ಪು ಮಾಡುತ್ತದೆ. ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಇಟ್ಟರೆ ತಾನಾಗಿಯೇ ಬೆಂಕಿ ಹತ್ತುವ ಅಪಾಯವೂ ಇದೆ. ಸಿಲಿಕೋನ್ ಇರುವ ಸ್ಪ್ರೇ ಇನ್ನೂ ಕೆಟ್ಟದ್ದು. ಅದು ಸಂದಿಗಳಲ್ಲಿ ಉಳಿದುಬಿಟ್ಟರೆ ಮುಂದೆ ಆಚಾರಿ ಬಂದು ಪಾಲಿಶ್ ಕೊಟ್ಟರೂ ಅದು ಸರಿಯಾಗಿ ಕೂರುವುದಿಲ್ಲ.

ಗುಡಿಗಾರರು ಕೆತ್ತಿದ ಗಂಧದ ಸಾಮಾನು ಮನೆಯಲ್ಲಿದ್ದರೆ ಅದಕ್ಕೆ ಏನೂ ಬೇಡ, ಪರಿಮಳ ಮುಚ್ಚಿಹೋಗುತ್ತದೆ. ಮೆತ್ತನೆ ಬ್ರಶ್ ಸಾಕು.

ಹಚ್ಚುವುದು ದೀಪಾವಳಿ ಕಳೆದ ಮೇಲೆ. ಬೂಸ್ಟನ್ನು ಮೊದಲು ಅಂಗಳದಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬ್ರಶ್‌ನಿಂದ ಕೊಡವಿ. ನೆರಳಿನ ಗಾಳಿಯಲ್ಲಿ ನಾಲ್ಕು ದಿನ ಒಣಗಲಿ. ನೇರ ಬಿಸಿಲಿಗಿಟ್ಟರೆ ಹಲಗೆ ಸೀಳುತ್ತದೆ. ಆಮೇಲೆ ಮೇಣವನ್ನು ತೆಳ್ಳಗೆ ಸವರಿ, ಅರ್ಧ ಗಂಟೆ ಬಿಟ್ಟು ಹಳೇ ಪಂಚೆಯ ತುಂಡಿನಿಂದ ತಿಕ್ಕಿ. ಬೆರಳು ಇಟ್ಟರೆ ಅಂಟಬಾರದು. ವರ್ಷಕ್ಕೆ ಒಂದು ಸಲ ಸಾಕು.

ಮೇಣ ಒಂದೇ ಮಳೆಗಾಲದ ತೇವವನ್ನು ತಡೆಯಲಾರದು. ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದು, ಅಡಿಗೆ ನಾಲ್ಕು ಮರದ ತುಂಡು ಕೊಡಿ.