ಹಳ್ಳದ ನೀರನ್ನು ನಾಯಿ ಕುಡಿಯಬಹುದೇ?

ಓದುಗರ ಪ್ರಶ್ನೆ: “ನಮ್ಮ ಮನೆ ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್‌ನಲ್ಲಿ, ಲಾಸ್ ಗ್ಯಾಟೋಸ್ ಕ್ರೀಕ್ ಪಕ್ಕದ ಕಾಲುದಾರಿಗೆ ಹತ್ತಿರ. ಬೇಸಿಗೆಗೆಂದು ಊರಿನಿಂದ ಅಪ್ಪ ಬಂದಿದ್ದಾರೆ. ಸಂಜೆ ನಾಯಿಯನ್ನು ಸುತ್ತಾಡಿಸುವ ಕೆಲಸ ಈಗ ಅವರದು. ಮರಗಳ ನೆರಳಿನಲ್ಲಿ ಒಂದು ಮೈಲಿಯಷ್ಟು ಹೋಗಿ ಬರುತ್ತಾರೆ. ನಾಯಿ ನಡುವೆ ದಡಕ್ಕಿಳಿದು ನೀರು ಕುಡಿಯುತ್ತದೆ, ಒಮ್ಮೊಮ್ಮೆ ಹೊಟ್ಟೆ ಮುಳುಗುವವರೆಗೆ ಇಳಿದು ನಿಲ್ಲುತ್ತದೆ. ಹರಿಯುವ ನೀರು ತಾನೇ, ಏನೂ ಆಗುವುದಿಲ್ಲ ಎನ್ನುತ್ತಾರೆ ಅಪ್ಪ. ನನಗೆ ಭಯ. ಯಾರ ಮಾತು ಸರಿ?”

ಭಯಪಡುವುದೇ ಸರಿ. ಯಾವ ಕಾಲದಲ್ಲೂ ಆ ನೀರನ್ನು ಕುಡಿಯಲು ಬಿಡಬೇಡಿ. ಕಾಲು ನೆನೆಸಿಕೊಳ್ಳಲು ವರ್ಷದಲ್ಲಿ ಕೆಲವು ತಿಂಗಳು ಬಿಡಬಹುದು, ಆದರೆ ಜುಲೈ, ಆಗಸ್ಟ್, ಸೆಪ್ಟೆಂಬರ್ ಅವುಗಳಲ್ಲಿ ಸೇರುವುದಿಲ್ಲ.

ಹಾಗೆಂದು ನಿಮ್ಮ ತಂದೆಯವರ ಮಾತು ಬುಡವಿಲ್ಲದ್ದಲ್ಲ. ಮಲೆನಾಡಿನಲ್ಲಿ ಮನೆಯ ಹಿಂದಿನ ಹಳ್ಳಕ್ಕೆ ಬಾಯಿಟ್ಟು ನೀರು ಕುಡಿದು ಬೆಳೆದವರು ಎಷ್ಟೋ ಮಂದಿ. ಅಲ್ಲಿ ಹಳ್ಳದ ಮೇಲುಗಡೆ ಇದ್ದದ್ದು ಕಾಡು, ಅದರ ಮೇಲೆ ಗುಡ್ಡ, ಅಷ್ಟೇ. ಹಳ್ಳದ ನೀರನ್ನು ಕುರಿತು ಕೇಳಬೇಕಾದ ಮೊದಲ ಪ್ರಶ್ನೆಯೇ ಅದು: ಮೇಲುಗಡೆ ಏನಿದೆ? ಆ ಪ್ರಶ್ನೆಯನ್ನು ಲಾಸ್ ಗ್ಯಾಟೋಸ್ ಕ್ರೀಕಿಗೆ ಕೇಳಿದರೆ ಸಿಗುವ ಉತ್ತರ ಬೇರೆ.

ಈ ತೊರೆ ಹುಟ್ಟುವುದು ಸಾಂತಾ ಕ್ರೂಜ್ ಬೆಟ್ಟಗಳಲ್ಲಿ. 1952ರಲ್ಲಿ ಕಟ್ಟಿದ ಲೆಕ್ಸಿಂಗ್ಟನ್ ಜಲಾಶಯದಲ್ಲಿ ನಿಂತು, ಅಲ್ಲಿಂದ ಲಾಸ್ ಗ್ಯಾಟೋಸ್ ಪಟ್ಟಣಕ್ಕಿಳಿದು, ವಸೋನಾ ಸರೋವರದಲ್ಲಿ ಮತ್ತೆ ನಿಂತು, ಕ್ಯಾಂಪ್‌ಬೆಲ್ ದಾಟಿ, ಸ್ಯಾನ್ ಹೋಸೆ ನಗರದ ನಡುವೆ ಗ್ವಾಡಲೂಪೆ ನದಿಯನ್ನು ಸೇರುತ್ತದೆ. ಬೆಟ್ಟದ ಬುಡದಿಂದ ಈಚೆಗೆ ಅದರ ಎರಡೂ ಬದಿಗೆ ಮನೆಗಳೇ. ಆ ಮನೆಗಳ ಮುಂದಿನ ಒಂದೊಂದು ರಸ್ತೆಯ ಅಂಚಿನಲ್ಲೂ ಮಳೆನೀರಿನ ಕಂಡಿ ಇದೆ. ಕ್ಯಾಂಪ್‌ಬೆಲ್ ಇರುವ ಸಾಂತಾ ಕ್ಲಾರಾ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂತೆ) ಶೌಚ, ಸ್ನಾನ, ಅಡುಗೆಮನೆಯ ನೀರಿಗೆ ಒಂದು ಕೊಳವೆ, ರಸ್ತೆಯ ನೀರಿಗೆ ಇನ್ನೊಂದು. ಮೊದಲನೆಯದು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಎರಡನೆಯದು ಯಾವ ಶುದ್ಧೀಕರಣವೂ ಇಲ್ಲದೆ ನೇರವಾಗಿ ತೊರೆಗೆ ಬೀಳುತ್ತದೆ. ಹಾಗಾಗಿ ಬೆಂಗಳೂರಿನ ರಾಜಕಾಲುವೆಯ ದುರ್ನಾತ ಇಲ್ಲಿಲ್ಲ, ನೀರು ತಿಳಿಯಾಗಿಯೇ ಕಾಣುತ್ತದೆ. ಮೋಸ ಹೋಗುವುದು ಅಲ್ಲೇ. ಬೇಸಿಗೆಯಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಅಂಗಳದ ಹುಲ್ಲಿಗೆ ಹಾರಿಸಿ ಹೆಚ್ಚಾದ ನೀರು ಗೊಬ್ಬರವನ್ನೂ ಇರುವೆಯ ಔಷಧಿಯನ್ನೂ ತೊಳೆದುಕೊಂಡು ಆ ಕಂಡಿಗೆ ಇಳಿಯುತ್ತದೆ. ಕಾರಿನ ಎಣ್ಣೆ ಇಳಿಯುತ್ತದೆ. ಯಾರೋ ಎತ್ತದೆ ಬಿಟ್ಟುಹೋದ ನಾಯಿಯ ಮಲವೂ ಇಳಿಯುತ್ತದೆ. (ಚೀಲದಲ್ಲಿ ಕಟ್ಟಿ ದಾರಿಯ ಬದಿಗೆ ಇಟ್ಟು, ಬರುವಾಗ ತೆಗೆದುಕೊಂಡರಾಯಿತು ಎಂದು ಮರೆತುಹೋಗುವವರಿದ್ದಾರೆ. ದಯವಿಟ್ಟು ಆಗಲೇ ಕೈಯಲ್ಲಿ ಹಿಡಿದುಕೊಂಡು ಹೋಗಿ.)

ಇನ್ನು ಹರಿಯುವ ಮಾತು. ಇಲ್ಲಿ ಮಳೆಗಾಲವೆಂದರೆ ಸುಮಾರಾಗಿ ನವೆಂಬರಿನಿಂದ ಏಪ್ರಿಲ್‌ವರೆಗೆ. ಬೇಸಿಗೆಯಲ್ಲಿ ತೊರೆಯಲ್ಲಿ ನೀರು ಕಾಣಿಸುವುದಕ್ಕೆ ಮುಖ್ಯ ಕಾರಣ ಅಂತರ್ಜಲ ತುಂಬಲೆಂದು ಜಲಾಶಯದಿಂದ ಬಿಡುವ ನೀರು. ಕ್ಯಾಂಪ್‌ಬೆಲ್‌ನಲ್ಲಿ ದಾರಿಯ ಪಕ್ಕದಲ್ಲೇ ಕಾಣುವ ಸಾಲು ಕೊಳಗಳು ಇರುವುದೂ ಅದಕ್ಕಾಗಿಯೇ, ನೀರು ನಿಂತು ಇಂಗಲಿ ಎಂದು. ಬಿಟ್ಟ ನೀರು ಕಡಿಮೆಯಾದರೆ ತೊರೆ ಅಲ್ಲಲ್ಲಿ ಗುಂಡಿಗಳಾಗಿ ಒಡೆದು ನಿಲ್ಲುತ್ತದೆ. ಎಂದರೆ ನಿಮ್ಮ ತಂದೆಯವರು ನೋಡುತ್ತಿರುವ ನೀರು ಹಲವು ಕಡೆ ಹರಿಯುತ್ತಲೇ ಇಲ್ಲ.

ಬೆಚ್ಚಗೆ ನಿಂತ ನೀರಿಗೆ ಗೊಬ್ಬರವೂ ಸೇರಿದರೆ ಬೆಳೆಯುವುದು ನೀಲಿ-ಹಸಿರು ಪಾಚಿ. ಹೆಸರಿಗೆ ಪಾಚಿಯಾದರೂ ಅದು ಸಯನೋಬ್ಯಾಕ್ಟೀರಿಯಾ ಎಂಬ ಬ್ಯಾಕ್ಟೀರಿಯಾ. ಎಲ್ಲ ಬಗೆಯೂ ವಿಷಕಾರಿಯಲ್ಲ, ಆದರೆ ಯಾವುದು ವಿಷಕಾರಿ ಎಂದು ಕಣ್ಣಿನಿಂದ ಹೇಳಲು ಬರುವುದಿಲ್ಲ. ಅದು ಬಿಡುವ ವಿಷಗಳಲ್ಲಿ ಮೈಕ್ರೊಸಿಸ್ಟಿನ್ ಎಂಬುದು ಯಕೃತ್ತನ್ನು ಹಾಳುಮಾಡುತ್ತದೆ. ಅನಾಟಾಕ್ಸಿನ್ ಎಂಬುದು ನರಗಳಿಗೆ ಹೊಡೆಯುತ್ತದೆ, ಕುಡಿದ ನಿಮಿಷಗಳಲ್ಲೇ ನಾಯಿ ಜೊಲ್ಲು ಸುರಿಸಿ, ತೂರಾಡಿ, ನಡುಗಿ, ಸೆಳವು ಬಂದು ಬೀಳಬಹುದು. ಎರಡಕ್ಕೂ ಪ್ರತಿವಿಷ ಇಲ್ಲ. ಉತ್ತರ ಕ್ಯಾಲಿಫೋರ್ನಿಯಾದ ಈಲ್ ನದಿಯಲ್ಲಿ ಬೇಸಿಗೆಯ ತೆಳು ನೀರಿನ ತಳಕ್ಕೆ ಅಂಟಿ ಬೆಳೆಯುವ ಇಂಥ ಪಾಚಿಯಿಂದಲೇ ನಾಯಿಗಳು ಸತ್ತಿವೆ. ನೀರು ಮೇಲೆ ತಿಳಿಯಾಗಿತ್ತು, ವಿಷ ಇದ್ದದ್ದು ತಳದ ಹಾಸಿನಲ್ಲಿ. ಇನ್ನೊಂದು ಸಂಗತಿ: ನಾಯಿ ಕುಡಿಯದೆ ಬರೀ ಮೈ ನೆನೆಸಿಕೊಂಡು ಬಂದರೂ, ಆಮೇಲೆ ರೋಮ ನೆಕ್ಕುವಾಗ ಅದೇ ವಿಷ ಹೊಟ್ಟೆಗೆ ಹೋಗುತ್ತದೆ. ಬೇಸಿಗೆಯಲ್ಲಿ ಕಾಲನ್ನೂ ಇಳಿಸಬಾರದು ಎಂದದ್ದು ಅದಕ್ಕೆ.

ದಡದಲ್ಲಿ ನಿಂತು ಒಂದು ಉದ್ದ ಕಡ್ಡಿಯಿಂದ ಹಸಿರನ್ನು ಎತ್ತಿ ನೋಡಬಹುದು. ತಲೆಕೂದಲಿನಂತೆ ಎಳೆಎಳೆಯಾಗಿ ಕಡ್ಡಿಗೆ ಜೋತುಬಿದ್ದರೆ ಅದು ಸಾಮಾನ್ಯವಾದ ಪಾಚಿ. ಕಡ್ಡಿಗೆ ಏನೂ ಸಿಕ್ಕದೆ ತುದಿಗೆ ಬಣ್ಣ ಬಳಿದಂತಾದರೆ ಅಲ್ಲಿ ಒಂದು ಕ್ಷಣವೂ ನಿಲ್ಲಬೇಡಿ. ಆದರೆ ಈ ಪರೀಕ್ಷೆ ಅನುಮಾನವನ್ನು ಗಟ್ಟಿಮಾಡಬಲ್ಲದೇ ಹೊರತು ನೀರು ಒಳ್ಳೆಯದು ಎಂಬ ಪ್ರಮಾಣಪತ್ರ ಕೊಡಲಾರದು. ತಳಕ್ಕೆ ಅಂಟಿದ್ದು ಇದರಲ್ಲಿ ಗೊತ್ತಾಗುವುದಿಲ್ಲ. ವಸೋನಾ ಸರೋವರದಲ್ಲಂತೂ ಮನುಷ್ಯರಿಗೂ ಈಜು ನಿಷಿದ್ಧ.

ಎರಡನೆಯ ಅಪಾಯದ ಹೆಸರು ನಿಮ್ಮ ತಂದೆಯವರಿಗೆ ಚೆನ್ನಾಗಿ ಗೊತ್ತಿರುತ್ತದೆ: ಇಲಿಜ್ವರ. ನಮ್ಮ ಕಡೆ ಮಳೆಗಾಲದಲ್ಲಿ ಗದ್ದೆಗಿಳಿದವರಿಗೆ ಬರುವ ಲೆಪ್ಟೊಸ್ಪೈರೋಸಿಸ್ಸೇ ಇಲ್ಲಿ ನಾಯಿಗಳಿಗೂ ಬರುತ್ತದೆ. ತೊರೆಯಂಚಿನ ಪೊದೆಗಳಲ್ಲಿ ಇಲಿ, ರಕೂನ್, ಸ್ಕಂಕ್‌ಗಳ ಓಡಾಟ ರಾತ್ರಿಯೆಲ್ಲ ಇರುತ್ತದೆ. ಅವುಗಳ ಮೂತ್ರದಲ್ಲಿ ಬರುವ ರೋಗಾಣು ನೆರಳಿನ ಹಸಿ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕುತ್ತದೆ. ಬಿಸಿಲು ಬಿದ್ದು ಒಣಗಿದರೆ ಸಾಯುತ್ತದೆ, ನೆರಳು ಅದನ್ನು ಕಾಪಾಡುತ್ತದೆ. ದಾರಿಯ ಬಗ್ಗೆ ನಾವು ಮೆಚ್ಚುವ ಗುಣವೇ ಅದಕ್ಕೂ ಅನುಕೂಲ. 2021ರಲ್ಲಿ ಲಾಸ್ ಏಂಜಲೀಸ್ ಕೌಂಟಿಯಲ್ಲಿ 200ಕ್ಕೂ ಹೆಚ್ಚು ನಾಯಿಗಳಿಗೆ ಈ ಕಾಯಿಲೆ ಬಂದಿತ್ತು. ಅದು ಮೂತ್ರಪಿಂಡ, ಯಕೃತ್ತು ಎರಡನ್ನೂ ಕೆಡಿಸುತ್ತದೆ. ನಾಯಿಯ ಮೂತ್ರದ ಮೂಲಕ ಮನೆಯವರಿಗೂ ದಾಟಬಲ್ಲದು.

ಇದಕ್ಕೆ ಲಸಿಕೆ ಇದೆ. ಮೊದಲು ಕೆಲವು ವಾರಗಳ ಅಂತರದಲ್ಲಿ ಎರಡು ಸಲ, ಆಮೇಲೆ ವರ್ಷಕ್ಕೊಮ್ಮೆ. ಹಿಂದೆ ಇದನ್ನು ಹಳ್ಳಿ, ಕಾಡಿನ ಕಡೆಯ ನಾಯಿಗಳಿಗೆ ಎನ್ನುತ್ತಿದ್ದರು. 2023ರಲ್ಲಿ ಅಮೆರಿಕದ ಪಶುವೈದ್ಯ ತಜ್ಞರು ಎಲ್ಲ ನಾಯಿಗಳಿಗೂ ಪ್ರತಿವರ್ಷ ಕೊಡಿಸಿ ಎಂದು ಶಿಫಾರಸು ಮಾಡಿದರು. ತೊರೆಯ ಬದಿಯಲ್ಲಿ ದಿನವೂ ನಡೆಯುವ ನಾಯಿಗೆ ಇದು ಬೇಕೇ ಬೇಕು ಎನ್ನುವುದು ನನ್ನ ಅಭಿಪ್ರಾಯ. ಲಸಿಕೆಯ ಪುಸ್ತಕವನ್ನು ಇವತ್ತೇ ತೆಗೆದು ನೋಡಿ. ನಿಮ್ಮ ನಾಯಿ ಈಗಾಗಲೇ ಕುಡಿದಿರುವುದರಿಂದ ಎರಡು ವಾರ ಗಮನವಿಡಿ. ಜ್ವರ, ಊಟ ಬಿಡುವುದು, ವಾಂತಿ, ಮೈಕೈ ನೋವಿನಿಂದ ಏಳಲು ಹಿಂಜರಿಯುವುದು, ಮೂತ್ರ ತೀರಾ ಹೆಚ್ಚಾಗುವುದು ಅಥವಾ ತೀರಾ ಕಡಿಮೆಯಾಗುವುದು, ವಸಡು ಅಥವಾ ಕಣ್ಣಿನ ಬಿಳಿ ಹಳದಿಯಾಗುವುದು, ಇವುಗಳಲ್ಲಿ ಒಂದು ಕಂಡರೂ ಪಶುವೈದ್ಯರಲ್ಲಿಗೆ ಹೋಗಿ, “ತೊರೆಯ ನೀರು ಕುಡಿದಿದೆ” ಎಂದು ಮೊದಲ ಮಾತಿಗೇ ಹೇಳಿ. ಪರೀಕ್ಷೆಯ ದಿಕ್ಕು ಅದರಿಂದ ಬೇಗ ಸಿಗುತ್ತದೆ. ಬೇಗ ಶುರುಮಾಡಿದರೆ ಆಂಟಿಬಯಾಟಿಕ್ ಕೆಲಸ ಮಾಡುತ್ತದೆ.

ಜಿಯಾರ್ಡಿಯಾ ಎಂಬ ಪರಾವಲಂಬಿಯೂ ಇದೇ ನೀರಿನಿಂದ ಬರುತ್ತದೆ. ಬಂದರೆ ಭೇದಿ, ಔಷಧಿ ಕೊಟ್ಟರೆ ಸಾಮಾನ್ಯವಾಗಿ ಹೋಗುತ್ತದೆ.

ಮನೆಯಲ್ಲಿ ಬಟ್ಟಲು ತುಂಬಾ ಒಳ್ಳೆಯ ನೀರಿದ್ದರೂ ನಾಯಿ ಹಳ್ಳಕ್ಕೇ ಬಾಯಿ ಹಾಕುವುದೇಕೆ? ದಡದ ಹಸಿ ಮಣ್ಣು ವಾಸನೆಗಳನ್ನು ಹಿಡಿದಿಡುತ್ತದೆ. ರಾತ್ರಿ ಯಾವ ಪ್ರಾಣಿ ಬಂತು, ಎತ್ತ ಹೋಯಿತು ಎಂಬುದೆಲ್ಲ ಅದಕ್ಕೆ ಅಲ್ಲಿ ಸಿಗುತ್ತದೆ. ಮೂಗು ಎಳೆದ ಕಡೆ ಮೈ ಹೋಗುತ್ತದೆ, ನೀರು ಎದುರಿಗಿದ್ದರೆ ಕುಡಿಯುತ್ತದೆ. ಆದ್ದರಿಂದ ಬರೀ ಗದರಿಸಿ ಪ್ರಯೋಜನವಿಲ್ಲ. ಹೊರಡುವ ಮುಂಚೆ ಮನೆಯಲ್ಲಿ ನೀರು ಕುಡಿಸಿ. ಒಂದು ಬಾಟಲಿ ನೀರು, ಮಡಚುವ ಬಟ್ಟಲು ಕೈಯಲ್ಲಿರಲಿ. ನಾಯಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ ಸುಮಾರು 50ರಿಂದ 60 ಮಿಲಿಲೀಟರ್ ನೀರು ಬೇಕು, ಇಪ್ಪತ್ತು ಕಿಲೋ ನಾಯಿಗೆ ಲೀಟರಿಗಿಂತ ತುಸು ಹೆಚ್ಚು. ಒಂದು ಮೈಲಿಯ ನಡಿಗೆಗೆ ಅರ್ಧ ಲೀಟರ್ ಬಾಟಲಿ ಧಾರಾಳವಾಯಿತು. ತೊರೆ ಹತ್ತಿರ ಬರುವ ತಿರುವಿಗೆ ಮುಂಚೆಯೇ ನಿಲ್ಲಿಸಿ ಕುಡಿಸಿದರೆ ಅಲ್ಲಿಗೆ ಹೋದಾಗ ಬಾಯಾರಿಕೆಯೇ ಇರುವುದಿಲ್ಲ.

ಹಗ್ಗ ಗಿಡ್ಡವಾಗಿರಲಿ. ಸಾಂತಾ ಕ್ಲಾರಾ ಕೌಂಟಿಯ ಉದ್ಯಾನಗಳಲ್ಲಿ ಅದು ಆರು ಅಡಿ ಮೀರುವಂತಿಲ್ಲ. ಒತ್ತಿದರೆ ಉದ್ದವಾಗುತ್ತ ಹೋಗುವ ಸುರುಳಿ ಹಗ್ಗ ಈ ದಾರಿಗೆ ಸಲ್ಲದು. ನಾಯಿ ನೀರಿಗೆ ಮುಟ್ಟಿದ ಮೇಲೆ ನೀವು ಎಳೆಯಬೇಕಾಗುತ್ತದೆ, ಸೈಕಲ್ಲಿನವರಿಗೂ ಅಡ್ಡವಾಗುತ್ತದೆ. ವಯಸ್ಸಾದವರ ಕೈಗೆ ಏಕಾಏಕಿ ಎಳೆತ ಬಿದ್ದರೆ ಭುಜ ಉಳುಕುವುದೂ ಉಂಟು. ನಾಯಿಯನ್ನು ತೊರೆಯಿಲ್ಲದ ಬದಿಗೆ ನಡೆಸಿ, ಮೂಸಲು ಮಾತ್ರ ಬೇಕಾದಷ್ಟು ಹೊತ್ತು ಬಿಡಿ. ದಾರಿ ಚಿಕ್ಕದಾಯಿತಲ್ಲ ಎಂದು ಬೇಗಬೇಗ ಎಳೆದುಕೊಂಡು ಹೋಗುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ನಿಧಾನವಾಗಿ ಮೂಸುತ್ತಾ ನಡೆದರೆ ಅರ್ಧ ಮೈಲಿಯಲ್ಲೂ ನಾಯಿಗೆ ತೃಪ್ತಿಯಾಗುತ್ತದೆ, ನಿಮ್ಮ ತಂದೆಯವರ ಮೊಣಕಾಲಿಗೂ ಅದೇ ಒಳ್ಳೆಯದು.

ಕಾಲು ನೆನೆಸಲು ಬಿಡಬಹುದಾದ ಕಾಲ ಯಾವುದೆಂದರೆ, ಚಳಿಗಾಲ ಮತ್ತು ವಸಂತದಲ್ಲಿ ತೊರೆ ಸದ್ದು ಮಾಡುತ್ತಾ ಹರಿಯುತ್ತಿರುವಾಗ. ಆಗಲೂ ಮಳೆ ನಿಂತು ಮೂರ್ನಾಲ್ಕು ದಿನ ಕಳೆದಿರಬೇಕು. ವರ್ಷದ ಮೊದಲ ಮಳೆಯ ನೀರು ಎಲ್ಲಕ್ಕಿಂತ ಕೊಳಕು, ಆರು ತಿಂಗಳು ರಸ್ತೆಯ ಮೇಲೆ ಕೂತದ್ದೆಲ್ಲ ಅದರಲ್ಲಿ ಒಮ್ಮೆಲೇ ಬರುತ್ತದೆ. ಹೊಳೆಯ ನೀರಿಗೆ ದೊಣ್ಣೆನಾಯಕನ ಅಪ್ಪಣೆಯೇ ಎಂಬ ಗಾದೆ ಇಲ್ಲಿ ನಡೆಯುವುದಿಲ್ಲ: ದಡಕ್ಕೆ ಇಳಿಯಬಾರದು ಎಂಬ ಫಲಕವಿದ್ದ ಕಡೆ ಇಳಿಯಲೇಬಾರದು. ಮನೆಗೆ ಬಂದ ಕೂಡಲೇ ಕಾಲು, ಹೊಟ್ಟೆಯನ್ನು ನಲ್ಲಿಯ ನೀರಿನಲ್ಲಿ ತೊಳೆದು ಒರೆಸಿ.

ನೀವು ಕೇಳದಿದ್ದರೂ ಹೇಳಬೇಕಾದ ಒಂದು ಮಾತಿದೆ. ನೀರಿಗೆ ಇಳಿಯುವ ಆ ಹತ್ತು ಹೆಜ್ಜೆಯ ಹುಲ್ಲು ಕೂಡ ಬೇಸಿಗೆಯಲ್ಲಿ ನೀರಿನಷ್ಟೇ ಕೆಟ್ಟದ್ದು. ಒಣಗಿದ ಕಾಡುಬಾರ್ಲಿಯ ತೆನೆಯನ್ನು ಇಲ್ಲಿ ಫಾಕ್ಸ್‌ಟೇಲ್ ಎನ್ನುತ್ತಾರೆ. ಒಂದನ್ನು ಕಿತ್ತು ಬುಡದಿಂದ ತುದಿಗೆ ಬೆರಳಾಡಿಸಿ, ನುಣುಪಾಗಿರುತ್ತದೆ. ತುದಿಯಿಂದ ಬುಡಕ್ಕೆ ಆಡಿಸಿದರೆ ಗರಗಸದಂತೆ ತಡೆಯುತ್ತದೆ. ಆ ಮುಳ್ಳುಗಳು ಹಿಂದಕ್ಕೆ ಬಾಗಿರುವುದರಿಂದ ಒಮ್ಮೆ ನಾಯಿಯ ಬೆರಳ ಸಂದಿಗೋ ಕಿವಿಗೋ ಮೂಗಿಗೋ ಹೊಕ್ಕ ತೆನೆ ಮುಂದಕ್ಕೆ ಮಾತ್ರ ಚಲಿಸುತ್ತದೆ, ಚರ್ಮವನ್ನೂ ತೂರಿಕೊಂಡು ಹೋಗುತ್ತದೆ. ನಡೆದು ಬಂದ ಮೇಲೆ ಒಂದೊಂದು ಪಾದವನ್ನೂ ಅಗಲಿಸಿ ಬೆರಳ ನಡುವೆ ನೋಡಿ, ಕಿವಿಯ ಒಳಮಡಿಕೆಯನ್ನು ತಿರುಗಿಸಿ ನೋಡಿ. ಇದ್ದಕ್ಕಿದ್ದಂತೆ ಸೀನು ನಿಲ್ಲದಿದ್ದರೆ, ತಲೆಯನ್ನು ಒಂದೇ ಬದಿಗೆ ಕೊಡವುತ್ತಿದ್ದರೆ ಅದು ಒಳಗೆ ಹೋಗಿದೆ ಎಂದೇ ಅರ್ಥಮಾಡಿಕೊಂಡು ವೈದ್ಯರಲ್ಲಿಗೆ ಕರೆದೊಯ್ಯಿರಿ. ಚಿಮಟ ಹಾಕಿ ಕೆದಕಬೇಡಿ.

ಅದೇ ನೋಟದಲ್ಲಿ ಉಣುಗನ್ನೂ ಹುಡುಕಿ. ಮಲೆನಾಡಿನವರಿಗೆ ಉಣುಗು ಎಂದರೆ ಮಂಗನಕಾಯಿಲೆ ನೆನಪಾಗುತ್ತದೆ. ಇಲ್ಲಿಯ ಕಪ್ಪುಗಾಲಿನ ಉಣುಗು ತರುವುದು ಲೈಮ್ ಕಾಯಿಲೆಯನ್ನು. ನೆರಳಿನ ತರಗೆಲೆ ಅದರ ಮನೆ. ಕೊನೆಯದಾಗಿ ಪಾಯ್ಸನ್ ಓಕ್, ಮೂರು ಮೂರು ಎಲೆಯ ಪೊದೆ. ನಮ್ಮ ಮಾವು, ಗೇರಿನ ಕುಟುಂಬದ್ದೇ ಗಿಡ. ಗೇರುಬೀಜದ ಸಿಪ್ಪೆಯ ಎಣ್ಣೆ ಕೈ ಸುಡುವುದನ್ನು ಕಂಡವರಿಗೆ ಇದರ ಎಣ್ಣೆಯ ಗುಣ ಬಿಡಿಸಿ ಹೇಳಬೇಕಿಲ್ಲ. ನಾಯಿಗೆ ರೋಮವಿರುವುದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ರೋಮದಿಂದ ನಿಮ್ಮ ತಂದೆಯವರ ಕೈಗೆ ಹತ್ತಿದರೆ ಒಂದೆರಡು ದಿನಗಳಲ್ಲಿ ತುರಿಕೆಯ ಗುಳ್ಳೆ ಏಳುತ್ತದೆ. ನಾಯಿ ಪೊದೆಗೆ ನುಗ್ಗಿ ಬಂದ ದಿನ ಅದಕ್ಕೆ ಸೋಪು ಹಾಕಿ ಮೈ ತೊಳೆಸುವವರು ಕೈಗವಸು ಹಾಕಿಕೊಳ್ಳಲಿ, ಹಗ್ಗವನ್ನೂ ಅದೇ ನೀರಿಗೆ ಹಾಕಿ ಉಜ್ಜಲಿ.