ಉಬ್ಬುಗಾಜು, ರೇಡಿಯಂ ಅಂಗಡಿ, ಚಿನ್ನದ ರೇಕು

ಬೈಕಿನ ನಂಬರ್ ಪ್ಲೇಟ್‌ಗೆ ಅಕ್ಷರ ಅಂಟಿಸಿಕೊಡುವ ಅಂಗಡಿಗೆ ನಮ್ಮಲ್ಲಿ ‘ರೇಡಿಯಂ ಅಂಗಡಿ’ ಅಂತಲೇ ಹೆಸರು. ಹೆದರಬೇಡಿ, ಅಲ್ಲಿ ರೇಡಿಯಂ ಚೂರೂ ಇರುವುದಿಲ್ಲ. ಇರುವುದು ಬೆನ್ನಿಗೆ ಅಂಟು ಬಳಿದಿರುವ ವಿನೈಲ್ ಎಂಬ ಪ್ಲಾಸ್ಟಿಕ್ ಹಾಳೆ ಮತ್ತು ಅದನ್ನು ಕೊರೆಯುವ ಪ್ಲಾಟರ್ ಯಂತ್ರ. ಕಂಪ್ಯೂಟರಿನಲ್ಲಿ ಬರೆದ ಗೆರೆಯ ಮೇಲೆ ಪುಟ್ಟ ಬ್ಲೇಡು ಓಡುತ್ತದೆ. ಕತ್ತರಿಸಿದ ಅಕ್ಷರ ಇಟ್ಟುಕೊಂಡರೆ ಅದು ಸ್ಟಿಕ್ಕರ್. ಅಕ್ಷರ ಕಿತ್ತುಹಾಕಿ ಸುತ್ತಲಿನ ಹಾಳೆ ಇಟ್ಟುಕೊಂಡರೆ ಅದು ಮಾಸ್ಕ್. ಗಾಜಿಗೆ ಅಂಟಿಸಿ, ತೂತಿನೊಳಗೆ ಬಣ್ಣ ಬಳಿದು, ಹಾಳೆ ಎತ್ತಿದರೆ ಚಿತ್ರ ಉಳಿಯುತ್ತದೆ.

ಕಿಟಕಿ ಗಾಜಿಗೆ ಇದು ಸಲೀಸು. ನಾನು ಎಡವಿದ್ದು ಉಬ್ಬುಗಾಜಿನಲ್ಲಿ. ಚಿಕ್ಕಮ್ಮನ ಹೊಸ ಮನೆಯ ದೇವರ ಕೋಣೆಗೆ ಗಾಜಿನ ದೀಪದ ಶೇಡ್ ಒಂದನ್ನು ಕೊಡೋಣ ಅಂತಿದ್ದೆ. ಅರ್ಧ ಗೋಲ, ಬಾಯಿ 20 ಸೆಂ.ಮೀ. ಅದರ ಒಳಮೈಗೆ 10 ಸೆಂ.ಮೀ. ಅಗಲದ ತಾವರೆ. ಮಾಸ್ಕ್ ನಡುವೆ ಚೆನ್ನಾಗಿ ಕೂತಿತು, ಅಂಚಿನಲ್ಲಿ ಸುಕ್ಕಾಯಿತು. ಒಂದು ಸುಕ್ಕು ಒತ್ತಿದರೆ ಪಕ್ಕದಲ್ಲಿ ಇನ್ನೊಂದು ಏಳುತ್ತಿತ್ತು. ಹೋಗಲಿ ಅಂತ ಸುಮ್ನೆ ಬಣ್ಣ ಬಳಿದೆ. ಒಂದೊಂದು ಸುಕ್ಕೂ ಒಂದೊಂದು ಸಣ್ಣ ಸುರಂಗ. ಸಂದು ಕಿರಿದಾದಷ್ಟೂ ದ್ರವವನ್ನು ಒಳಗೆ ಎಳೆದುಕೊಳ್ಳುವುದು ಜಾಸ್ತಿ. ದೀಪದ ಬತ್ತಿ ಎಣ್ಣೆ ಹೀರುವುದೂ ಹೀಗೆಯೇ. ಹಾಳೆ ಎತ್ತಿದಾಗ ತಾವರೆಗೆ ಜೇಡನ ಕಾಲು ಬಂದಿದ್ದವು.

ಮೊದಲು ನನ್ನ ಕೈಯನ್ನು ಬೈದುಕೊಂಡೆ, ಆಮೇಲೆ ವಿನೈಲನ್ನು. ಎರಡರದ್ದೂ ತಪ್ಪಿರಲಿಲ್ಲ. ಲೆಕ್ಕ ಹಾಕಿ ನೋಡಿ. ಚಪ್ಪಟೆ ಹಾಳೆಯಲ್ಲಿ 10 ಸೆಂ.ಮೀ. ಅಗಲದ ವೃತ್ತದ ಸುತ್ತಳತೆ 31.4 ಸೆಂ.ಮೀ. ಆದರೆ ಆ ಗಾಜಿನ ಮೈ ಮೇಲೆಯೇ ನಡುವಿನಿಂದ ಸುತ್ತಲೂ 5 ಸೆಂ.ಮೀ. ಅಳೆದು ವೃತ್ತ ಎಳೆದರೆ ಸುತ್ತಳತೆ ಬರೀ 30.1 ಸೆಂ.ಮೀ. ಅಂಚಿನಲ್ಲಿ ಒಂದು ಸೆಂಟಿಮೀಟರಿಗೂ ಜಾಸ್ತಿ ಹಾಳೆ ಮಿಕ್ಕುತ್ತದೆ. ಅದು ಎಲ್ಲಿಗೆ ಹೋಗಬೇಕು ಹೇಳಿ?

ಹ್ಯಾನೋವರ್ ರಾಜ್ಯದ ಭೂಮಾಪನದಲ್ಲಿ ತೊಡಗಿದ್ದ ಗಣಿತಜ್ಞ ಗೌಸ್ 1827ರಲ್ಲೇ ಇದನ್ನು ಸಾಧಿಸಿ ತೋರಿಸಿದ್ದ. ಹಿಗ್ಗಿಸದೆ, ಕುಗ್ಗಿಸದೆ, ಹರಿಯದೆ ಚಪ್ಪಟೆ ಹಾಳೆಯನ್ನು ಗೋಲಕ್ಕೆ ಹೊದಿಸಲು ಯಾರಿಂದಲೂ ಆಗುವುದಿಲ್ಲ. ಒಳಮೈಯಾದರೂ ಅಷ್ಟೇ, ಹೊರಮೈಯಾದರೂ ಅಷ್ಟೇ. ನೆಟ್ಟಗಿನ ಬಾಟಲಿಗೆ ಈ ತಕರಾರಿಲ್ಲ. ಶಂಕುವಿಗೂ ಇಲ್ಲ. ಕಡಲೆಕಾಯಿ ಪೊಟ್ಟಣ ಬಿಚ್ಚಿದರೆ ಕಾಗದ ಮತ್ತೆ ಚಪ್ಪಟೆಯಾಗಿ ಮಲಗುತ್ತದೆ, ಅಲ್ವಾ? ಬಾಟಲಿಯ ಭುಜ ಕತ್ತಿನತ್ತ ತಿರುಗುವ ಕಡೆ ಮಾತ್ರ ಕಥೆ ಉಲ್ಟಾ. ಅಲ್ಲಿ ಅಂಚಿಗೆ ಹಾಳೆ ಸಾಲದೆ ಮೇಲಕ್ಕೆ ಏಳುತ್ತದೆ.

ಹಾಗಾದರೆ ವಿನೈಲನ್ನೇ ಬಿಸಿ ಮಾಡಿ ಎಳೆದರೆ? ಅದು ಯಾವ ವಿನೈಲ್ ಅನ್ನುವುದರ ಮೇಲಿದೆ. ಅಗ್ಗದ್ದನ್ನು ಚಪಾತಿಯ ಹಾಗೆ ರೋಲರುಗಳ ನಡುವೆ ಲಟ್ಟಿಸಿರುತ್ತಾರೆ. ಮೈದಾ ಹಿಟ್ಟು ಲಟ್ಟಿಸಿದಾಗ ಹಿಂದಕ್ಕೆ ಎಳೆದುಕೊಳ್ಳುತ್ತದಲ್ಲ, ಇದಕ್ಕೂ ಆ ಬುದ್ಧಿ ಇದೆ. ಬಿಸಿ ತಾಗಿದರೆ ಕುಗ್ಗುತ್ತದೆ. ದುಬಾರಿಯದ್ದನ್ನು ದೋಸೆ ಹುಯ್ದ ಹಾಗೆ ದ್ರವವಾಗಿ ಹುಯ್ದು ಒಣಗಿಸಿರುತ್ತಾರೆ. ಅದು ತೆಳು, ಮೆದು, ಹೇಳಿದ ಹಾಗೆ ಕೇಳುತ್ತದೆ. ಆದರೆ ಹೇಗೆ ಎಳೆದರೂ ತೂತಿನ ಆಕಾರವೂ ಜೊತೆಗೆ ಎಳೆದುಕೊಳ್ಳುತ್ತದೆ. ಕಾರಿನ ಮೈಗೆ ಸಾದಾ ಬಣ್ಣದ ಹಾಳೆ ಹೊದಿಸುವವರಿಗೆ ಅದು ನಡೆಯುತ್ತದೆ, ತಾವರೆ ಬರೆಯುವವನಿಗೆ ನಡೆಯುವುದಿಲ್ಲ.

ದಾರಿ ಇರುವುದು ತುಂಡು ಮಾಡುವುದರಲ್ಲಿ. ಅದೇ ಗಾಜಿನ ಮೇಲೆ 4 ಸೆಂ.ಮೀ. ಅಗಲದ ತುಂಡು ಇಟ್ಟರೆ ಅಂಚಿನಲ್ಲಿ ಮಿಕ್ಕುವುದು ಒಂದು ಮಿಲಿಮೀಟರಿಗಿಂತ ಕಡಿಮೆ. ಅಗಲ ಎರಡೂವರೆ ಪಟ್ಟು ಇಳಿಸಿದ್ದಕ್ಕೆ ಮಿಕ್ಕ ಹಾಳೆ ಹದಿನೈದು ಪಟ್ಟು ಇಳಿಯಿತು! ಅಷ್ಟನ್ನು ವಿನೈಲ್ ತಾನೇ ನುಂಗಿಕೊಳ್ಳುತ್ತದೆ. ಭೂಗೋಳ ಮಾಡುವವರಿಗೆ ಇದು ಹಳೆಯ ಉಪಾಯ. ಅಮೆರಿಕಕ್ಕೆ ಆ ಹೆಸರಿಟ್ಟ ವಾಲ್ಡ್‌ಸೀಮ್ಯುಲರ್ 1507ರಲ್ಲಿ ಗೋಲಕ್ಕೆ ಅಂಟಿಸಲು ಅಚ್ಚು ಹಾಕಿಸಿದ ನಕ್ಷೆ ಹನ್ನೆರಡು ಸೀಳುಗಳದ್ದು. ಕಿತ್ತಳೆ ಸಿಪ್ಪೆಯನ್ನು ಉದ್ದುದ್ದ ಸೀಳಿದ ಹಾಗೆ. ನಾನೂ ಒಂದೊಂದು ದಳಕ್ಕೆ ಒಂದೊಂದು ಮಾಸ್ಕ್ ಕೊರೆಸಿದೆ.

ಈ ಸಲ ಬಣ್ಣದ ಬದಲು ಚಿನ್ನದ ರೇಕು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು; ರೇಕಿನ ದಪ್ಪ ಅಂಥ ಒಂದು ಮೈಕ್ರಾನಿನ ಹತ್ತನೇ ಒಂದು ಪಾಲು ಅಷ್ಟೇ. ಹಾಗಾಗಿ ಒಂದು ಗ್ರಾಂ ಚಿನ್ನದಲ್ಲಿ ಹತ್ತಿರ ಹತ್ತಿರ ಅರ್ಧ ಚದರ ಮೀಟರ್ ರೇಕಾಗುತ್ತದೆ. ಬೆರಳಲ್ಲಿ ಮುಟ್ಟಿದರೆ ಮುಗಿಯಿತು. ಅಳಿಲಿನ ಕೂದಲಿನ ಅಗಲ ಬ್ರಶ್ಶನ್ನು ಕೆನ್ನೆಗೆ ಒಮ್ಮೆ ಸವರಿಕೊಳ್ಳಬೇಕು. ಕೆನ್ನೆಯ ಜಿಡ್ಡು ಸಾಕು, ರೇಕು ಅದಕ್ಕೆ ಅಂಟಿಕೊಂಡು ಬರುತ್ತದೆ.

ಗಾಜಿಗೆ ಅಂಟಿಸುವುದು ಬಿಸಿನೀರಿನಲ್ಲಿ ಕರಗಿಸಿದ ಜಿಲೆಟಿನ್. ಸುಮಾರು ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಖಾಲಿ ಮಾತ್ರೆ ಕ್ಯಾಪ್ಸೂಲ್ ಒಂದೋ ಎರಡೋ ಸಾಕು. ಅದಕ್ಕೂ ಮೊದಲು ಗಾಜು ತೊಳೆದು ನೀರು ಬಿಟ್ಟು ನೋಡಬೇಕು. ನೀರು ತೆಳ್ಳಗೆ ಹರಡಿದರೆ ಸರಿ. ಹನಿ ಹನಿಯಾದರೆ ಜಿಡ್ಡು ಉಳಿದಿದೆ ಎಂದರ್ಥ.

ಆಮೇಲಿನದ್ದೇ ಚೆಂದ. ಒದ್ದೆ ಗಾಜಿನ ಹತ್ತಿರ ತಂದರೆ ಸಾಕು, ರೇಕು ಬ್ರಶ್ಶಿನಿಂದ ಹಾರಿ ನೀರಿಗೆ ಅಂಟುತ್ತದೆ. ಮೊದಮೊದಲು ಮುದುಡಿ, ಮಂಕಾಗಿ, ತೇಲುತ್ತಿರುತ್ತದೆ. ನೀರು ಇಳಿದು ಆರುತ್ತಾ ಬಂದ ಹಾಗೆ ರೇಕನ್ನು ಗಾಜಿನತ್ತ ಸೆಳೆಯುತ್ತದೆ. ಸುಕ್ಕುಗಳು ಒಂದೊಂದಾಗಿ ಮಾಯ. ಕೊನೆಗೆ ನಡುವೆ ಉಳಿಯುವ ಜಿಲೆಟಿನ್ ಕಣ್ಣಿಗೆ ಕಾಣದಷ್ಟು ತೆಳು. ಚಿನ್ನ ಗಾಜಿನ ನುಣುಪನ್ನೇ ತನ್ನದಾಗಿಸಿಕೊಂಡು ಕನ್ನಡಿಯಾಗುತ್ತದೆ. ಹೊರಗಿನಿಂದ ನೋಡುವವರಿಗೆ ಕಾಣುವುದು ಆ ಮುಖ.

ಗೋಲದೊಳಗೆ ಒಂದು ಕಿರಿಕಿರಿ ಇದೆ. ನೀರೆಲ್ಲ ತಳಕ್ಕೆ ಜಾರಿ ಮಾಸ್ಕಿನ ಅಂಚಿನಲ್ಲಿ ನಿಲ್ಲುತ್ತದೆ, ಜೊತೆಗೆ ರೇಕೂ ಜಾರುತ್ತದೆ. ಶೇಡನ್ನು ಓರೆ ಹಿಡಿದು ಒಂದು ಸಲಕ್ಕೆ ಒಂದೇ ದಳ ಮುಗಿಸಬೇಕಾಯಿತು. ಎರಡು ಪದರ ರೇಕು, ಅದರ ಬೆನ್ನಿಗೆ ಕಾಪಾಡಲು ಬಣ್ಣ. ಹಳೆಯ ಮನೆಗಳಲ್ಲಿ ಗಾಜಿನ ಹಿಂಬದಿಗೆ ಬರೆದ ದೇವರ ಪಟಗಳಲ್ಲೂ ಇದೇ ಉಲ್ಟಾ ಕ್ರಮ. ಕಣ್ಣು, ಒಡವೆ ಮೊದಲು, ಹಿನ್ನೆಲೆ ಕೊನೆಗೆ.

ಬಣ್ಣ ಗಟ್ಟಿಯಾಗಿ ಸಿಡಿಯುವ ಮುಂಚೆ ಮಾಸ್ಕ್ ತೆಗೆಯಬೇಕು. ಮೇಲಕ್ಕೆ ಎತ್ತಬಾರದು, ಹಾಳೆಯನ್ನು ಅದರ ಬೆನ್ನಿನ ಮೇಲೆಯೇ ಮಡಚುತ್ತಾ ನಿಧಾನ ಎಳೆಯಬೇಕು. ಮಾಸ್ಕಿನ ದಪ್ಪ ಸುಮಾರು 80 ಮೈಕ್ರಾನ್, ರೇಕಿನ ಎಂಟುನೂರು ಪಟ್ಟು. ಅಷ್ಟು ಎತ್ತರದ ಮೆಟ್ಟಿಲಿನಲ್ಲಿ ಚಿನ್ನ ತಾನಾಗಿಯೇ ಕಡಿದುಕೊಳ್ಳುತ್ತದೆ.

ಶೇಡ್ ತೂಗುಹಾಕಿದ ವಾರಕ್ಕೆ ಚಿಕ್ಕಮ್ಮ ಫೋನ್ ಮಾಡಿದರು. “ಎಲ್ಲಾ ಚೆನ್ನಾಗಿದೆ ಕಣೋ. ಒಂದು ದಳ ಮಾತ್ರ ರಾತ್ರಿ ಲೈಟ್ ಹಾಕಿದರೆ ಹಸಿರಾಗುತ್ತೆ.” ಹೋಗಿ ನೋಡಿದರೆ ನಿಜ. ಆ ದಳದ ಬೆನ್ನಿಗೆ ಬಣ್ಣ ಬಳಿಯುವುದು ಮರೆತಿದ್ದೆ. ಚಿನ್ನ ಹಳದಿ, ಕೆಂಪು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಅಷ್ಟು ತೆಳುವಾದ ರೇಕಿನಲ್ಲಿ ತೂರಿ ಬರುವುದು ಹಸಿರು. ಸರಿಮಾಡಿ ಕೊಡುತ್ತೇನೆ ಅಂದೆ. ಬೇಡ, ಹಾಗೇ ಇರಲಿ ಅಂದರು.