ಬೆಸುಗೆ ಯಾವಾಗ ಎಂದು ಕೇಳುವವರಿಗೆ

ಸ್ಟೇನ್ಡ್ ಗ್ಲಾಸ್, ಅಂದರೆ ಬಣ್ಣದ ಗಾಜಿನ ತುಂಡುಗಳನ್ನು ಕೂಡಿಸಿ ಚಿತ್ರದ ಫಲಕ ಮಾಡುವ ಕೆಲಸ, ಕಲಿಯಲು ಬಂದವರು ಮೊದಲ ವಾರದಿಂದಲೇ ಕೇಳುವ ಪ್ರಶ್ನೆ ‘ಬೆಸುಗೆ ಯಾವಾಗ, ಮೇಡಂ?’ ಎಂಬುದು. ಆಸೆ ಸಹಜ. ಕಾದ ಬೆಸುಗೆ ಐರನ್ ತಾಗಿದ ಕೂಡಲೇ ಸೋಲ್ಡರ್ ಎಂಬ ಬೆಸುಗೆಯ ಲೋಹ ಕರಗಿ, ಗಾಜಿನ ಅಂಚಿಗೆ ಸುತ್ತಿದ ತಾಮ್ರದ ಮೇಲೆ ಹೊಳೆಯುತ್ತಾ ಹರಿಯುತ್ತದಲ್ಲ, ಅದನ್ನು ಒಮ್ಮೆ ನೋಡಿದವರ ಕೈ ಸುಮ್ಮನಿರುವುದಿಲ್ಲ. ಆದರೆ ಈ ಪ್ರಶ್ನೆಯ ಜೊತೆಗೆ ಒಂದು ತಪ್ಪು ಲೆಕ್ಕವೂ ಬರುತ್ತದೆ. ಬೆಸುಗೆಗೆ ಬಂದವರು ಮುಂದೆ ಇದ್ದಾರೆ, ಇನ್ನೂ ಗಾಜಿನ ಅಂಚು ಉಜ್ಜುವ ಗ್ರೈಂಡರ್ ಬಳಿ ಇರುವವರು ಹಿಂದೆ ಬಿದ್ದಿದ್ದಾರೆ ಅನ್ನುವ ಲೆಕ್ಕ. ಹಾಗಾಗಿ ಎಲ್ಲರಿಗೂ ಅವಸರ. ಆ ಅವಸರದಲ್ಲಿ ಆಗುವ ಒಂದು ತಪ್ಪಿನ ಬಗ್ಗೆ ಬರೆಯಲೇಬೇಕಾಗಿದೆ. ಪ್ರತಿ ಬ್ಯಾಚಿನಲ್ಲೂ ಹೇಳುತ್ತೇನೆ, ಪ್ರತಿ ಬ್ಯಾಚಿನಲ್ಲೂ ಅದೇ ಆಗುತ್ತದೆ.

ತಪ್ಪು ಇದು: ಗಾಜಿನ ತುಂಡನ್ನು ಪ್ಯಾಟರ್ನ್‌ಗೆ, ಅಂದರೆ ಫಲಕದ ಪೂರ್ತಿ ಅಳತೆಗೆ ಕಾಗದದ ಮೇಲೆ ಬರೆದ ಚಿತ್ರಕ್ಕೆ, ಹೊಂದಿಸುವ ಬದಲು ಪಕ್ಕದ ತುಂಡಿಗೆ ಹೊಂದಿಸುವುದು.

ಹೇಗೆ ಆಗುತ್ತದೆ ನೋಡಿ. ಮೊದಲ ತುಂಡು ಕತ್ತರಿಸಿದಿರಿ. ಅದು ಗೆರೆಗಿಂತ ಅರ್ಧ ಮಿಲಿಮೀಟರ್ ದೊಡ್ಡದಾಗಿದೆ. ಅರ್ಧ ಮಿಲಿಮೀಟರ್ ತಾನೇ ಎಂದು ಬಿಟ್ಟಿರಿ. ಎರಡನೆಯ ತುಂಡು ಪ್ಯಾಟರ್ನ್ ಮೇಲೆ ಸರಿಯಾಗಿಯೇ ಕೂರುತ್ತದೆ. ಆದರೆ ಮೊದಲನೆಯದು ಆಗಲೇ ಅದರ ಜಾಗಕ್ಕೆ ಕಾಲು ಚಾಚಿದೆ. ಈಗ ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಂಚು ತಾಗುತ್ತದೆ. ಇಲ್ಲಿ ಹೆಚ್ಚಿನವರು ಎರಡನೆಯ ತುಂಡನ್ನು ಎತ್ತಿ, ಮೊದಲನೆಯದಕ್ಕೆ ಕೂರುವಂತೆ ಉಜ್ಜುತ್ತಾರೆ. ಅಥವಾ ಎರಡನೆಯದನ್ನು ಸ್ವಲ್ಪ ಆಚೆ ತಳ್ಳುತ್ತಾರೆ. ಸರಿಯಾಗಿದ್ದ ತುಂಡು ಈಗ ತಪ್ಪಾಯಿತು. ತಪ್ಪಾಗಿದ್ದದ್ದು ಹಾಗೇ ಉಳಿಯಿತು. ಮೂರನೆಯದನ್ನು ಎರಡನೆಯದಕ್ಕೆ, ನಾಲ್ಕನೆಯದನ್ನು ಮೂರನೆಯದಕ್ಕೆ ಹೊಂದಿಸುತ್ತಾ ಹೋಗುತ್ತಾರೆ. ಒಂದು ಸಾಲಿನಲ್ಲಿ 12 ತುಂಡುಗಳಿದ್ದು, ಪ್ರತಿಯೊಂದೂ ಅರ್ಧ ಮಿಲಿಮೀಟರ್ ಜಾಸ್ತಿ ಇದ್ದರೆ ಕೊನೆಗೆ 6 ಮಿಲಿಮೀಟರ್ ಜಾಸ್ತಿ. ಕಿಟಕಿಯ ಚೌಕಟ್ಟು ಇದನ್ನು ಒಪ್ಪುವುದಿಲ್ಲ.

ಗೋಡೆ ಕಟ್ಟುವವರು ಎರಡು ತುದಿಗೂ ದಾರ ಎಳೆದು ಕಟ್ಟಿಕೊಳ್ಳುತ್ತಾರೆ. ಪ್ರತಿ ಇಟ್ಟಿಗೆಯನ್ನೂ ದಾರಕ್ಕೆ ನೋಡಿ ಇಡುತ್ತಾರೆ, ಹಿಂದಿನ ಇಟ್ಟಿಗೆಯನ್ನು ನೋಡಿ ಅಲ್ಲ. ನಮ್ಮ ಕೆಲಸದಲ್ಲಿ ಪ್ಯಾಟರ್ನ್ ಆ ದಾರ. ಎರಡು ತುಂಡು ತಾಗುತ್ತಿವೆಯೇ? ಎರಡನ್ನೂ ಎತ್ತಿ. ಒಂದೊಂದನ್ನೇ ಪ್ಯಾಟರ್ನ್ ಮೇಲೆ ಒಂಟಿಯಾಗಿ ಇಟ್ಟು ನೋಡಿ. ಯಾವುದು ಗೆರೆ ದಾಟಿದೆಯೋ ಅದನ್ನು ಮಾತ್ರ ಉಜ್ಜಿ. ಎಷ್ಟೋ ಸಲ ತಪ್ಪು ಇರುವುದು ನೀವು ಕೈಯಲ್ಲಿ ಹಿಡಿದ ತುಂಡಿನಲ್ಲಲ್ಲ, ಹೋದ ವಾರವೇ ಮುಗಿಯಿತು ಎಂದು ಪಕ್ಕಕ್ಕಿಟ್ಟ ತುಂಡಿನಲ್ಲಿ.

ಈಗ ನಡೆಯುತ್ತಿರುವ ಬ್ಯಾಚಿನಲ್ಲಿ ಒಬ್ಬರು ಮಿಂಚುಳ್ಳಿಯ ಫಲಕ ಮಾಡುತ್ತಿದ್ದಾರೆ. ಬಹಳ ಸೊಗಸಾದ ವಿನ್ಯಾಸ. ನೀಲಿ ಗಾಜಿನ ಗೆರೆಗಳು ರೆಕ್ಕೆಯ ಉದ್ದಕ್ಕೆ ಹೋಗುವಂತೆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ ಕತ್ತರಿಸಿದ್ದಾರೆ. ಕಣ್ಣು ತುಂಬಾ ಚೆನ್ನಾಗಿದೆ ಅವರಿಗೆ. ಆದರೆ ಬಾಲದಿಂದ ಶುರು ಮಾಡಿ ಒಂದಕ್ಕೊಂದು ಹೊಂದಿಸುತ್ತಾ ಬಂದರು. ಕೊಕ್ಕಿನ ಹತ್ತಿರ ಬರುವಷ್ಟರಲ್ಲಿ ಕೊಕ್ಕಿಗೆ ಜಾಗವೇ ಇರಲಿಲ್ಲ. ‘ಕೊಕ್ಕನ್ನು ಸ್ವಲ್ಪ ಗಿಡ್ಡ ಮಾಡಲಾ ಮೇಡಂ?’ ಎಂದು ಕೇಳಿದರು. ಗಿಡ್ಡ ಕೊಕ್ಕಿನ ಮಿಂಚುಳ್ಳಿ ಮಿಂಚುಳ್ಳಿ ಆಗುವುದಿಲ್ಲ. ಎಲ್ಲ ತುಂಡುಗಳನ್ನೂ ಪ್ಯಾಟರ್ನ್‌ಗೆ ಇಟ್ಟು ನೋಡಿದಾಗ ಮೊದಲು ತಪ್ಪಿದ್ದದ್ದು ಬಾಲದ ಹತ್ತಿರದ ಕೆಲವು ತುಂಡುಗಳಲ್ಲಿ ಮಾತ್ರ. ಅವನ್ನು ಉಜ್ಜಿದರೆ ಸಾಕಾಗಿತ್ತು. ಉಳಿದದ್ದನ್ನು ಅವರು ಸುಮ್ನೆ ಕೆಡಿಸಿದ್ದರು. ಅದರಲ್ಲಿ ಮೂರು ತುಂಡು ಹೊಸದಾಗಿ ಕತ್ತರಿಸಬೇಕಾಯಿತು.

ಮಾರ್ಕರ್ ಗೆರೆಯ ವಿಷಯವೂ ಇದಕ್ಕೆ ಸೇರಿದ್ದೇ. ಗಾಜಿನ ಮೇಲೆ, ಪ್ಯಾಟರ್ನ್‌ನಿಂದ ಕತ್ತರಿಸಿದ ಮಾದರಿ ಕಾಗದವನ್ನಿಟ್ಟು ಸುತ್ತ ಗೆರೆ ಎಳೆಯುತ್ತೀರಿ. ಮಾರ್ಕರ್ ದಪ್ಪ ಇದ್ದರೆ ಗೆರೆಯೇ ಒಂದು ಮಿಲಿಮೀಟರ್ ಅಗಲ. ಗಾಜಿಗೆ ಗೀರು ಹಾಕುವ ಕಟ್ಟರ್ ಆ ಗೆರೆಯ ಹೊರಗೆ ಹೋದರೆ ತುಂಡಿನ ಎರಡೂ ಬದಿಗೆ ಒಂದೊಂದು ಮಿಲಿಮೀಟರ್ ಸೇರಿತು. ಗೆರೆಯ ಒಳ ಅಂಚಿನಲ್ಲಿ ಕತ್ತರಿಸಿ, ಗೆರೆ ತುಂಡಿನ ಮೇಲೆ ಉಳಿಯಬಾರದು. ಮಾದರಿ ಕಾಗದವನ್ನು ಕತ್ತರಿಸಲು ಬೇರೆಯದೇ ಕತ್ತರಿ ಕೊಡುತ್ತೇವಲ್ಲ, ಮೂರು ಅಲಗಿನದು, ಅದೂ ಇದಕ್ಕೇ. ಎರಡು ತುಂಡುಗಳ ನಡುವಿನಿಂದ ಅದು ಸಣ್ಣ ಎಳೆಯಷ್ಟು ಕಾಗದವನ್ನು ತೆಗೆದುಹಾಕುತ್ತದೆ. ಅಂಚಿಗೆ ತೆಳು ತಾಮ್ರದ ಪಟ್ಟಿ ಸುತ್ತಿ ಬೆಸೆಯುವ ಕಾಪರ್ ಫಾಯಿಲ್ ಕೆಲಸಕ್ಕೆ ಸುಮಾರು 0.8 ಮಿಲಿಮೀಟರ್, ಗಾಜನ್ನು ಸೀಸದ ಪಟ್ಟಿಗಳ ನಡುವೆ ಕೂರಿಸುವ ಕೆಲಸಕ್ಕೆ ಅದರ ಎರಡರಷ್ಟು. ಸೀಸದ ಪಟ್ಟಿಗೆ ನಡುವೆ ದಪ್ಪ ಬೆನ್ನು ಇರುತ್ತದೆ, ಅದು ಕೂರಲು ಜಾಗ ಬೇಕು. ಒಂದರ ಕತ್ತರಿಯನ್ನು ಇನ್ನೊಂದಕ್ಕೆ ಬಳಸಬೇಡಿ. ಮನೆಯಲ್ಲಿರುವ ಸಾಮಾನ್ಯ ಕತ್ತರಿಯಲ್ಲಿ ಕತ್ತರಿಸಿಕೊಂಡು ಬಂದವರ ಫಲಕ ಶುರುವಿನಿಂದಲೇ ಬಿಗಿ.

ಈಗ ಎಲ್ಲರೂ ಹೇಳುವ ಮಾತಿಗೆ ಬರುತ್ತೇನೆ. ‘ಸೋಲ್ಡರ್ ಹಾಕಿದರೆ ಮುಚ್ಚಿಹೋಗುತ್ತೆ ಅಲ್ವಾ?’

ಸಣ್ಣ ಸಂದು ಮುಚ್ಚುತ್ತದೆ. ಅಷ್ಟೇ ಅಲ್ಲ, ಸಣ್ಣ ಸಂದು ಇರಲೇಬೇಕು. ಸೋಲ್ಡರ್ ಮೇಲಿನಿಂದ ಸಂದಿಗೆ ಇಳಿದು ಹಿಂಬದಿಯ ಗೆರೆಯನ್ನು ಸೇರಿದರೆ ಜೋಡಣೆ ಗಟ್ಟಿ. ಅಡ್ಡ ಕತ್ತರಿಸಿ ನೋಡಿದರೆ ಅದು ಮೇಲೊಂದು ಕೆಳಗೊಂದು ಪಟ್ಟಿ, ನಡುವೆ ಒಂದು ಗೋಡೆ ಇದ್ದಂತೆ ಕಾಣಬೇಕು. ತುಂಡುಗಳು ಒಂದಕ್ಕೊಂದು ಒತ್ತಿಕೊಂಡಿದ್ದರೆ ಆ ಗೋಡೆ ಆಗುವುದಿಲ್ಲ. ಹಾಗಾಗಿ ತೀರಾ ಬಿಗಿ ಬೇಡ. ಫಾಯಿಲ್ ಸುತ್ತಿದ ಮೇಲೆ ಪೆನ್ಸಿಲ್ ಗೆರೆಯಷ್ಟು ಬೆಳಕು ಕಂಡರೆ ನನಗೆ ಸಂತೋಷ.

ದೊಡ್ಡ ಸಂದಿನ ಕಥೆ ಬೇರೆ. ಸೋಲ್ಡರ್ ಗಾಜಿಗೆ ಅಂಟುವುದಿಲ್ಲ. ತಾಮ್ರಕ್ಕೆ ಮಾತ್ರ ಅಂಟುತ್ತದೆ. ಗಾಜನ್ನು ಹಿಡಿದಿರುವುದು ಸುತ್ತಲೂ ಮಡಚಿ ಕೂತ ಫಾಯಿಲ್. ಸಂದು ಅಗಲವಾದರೆ ಎರಡು ತಾಮ್ರದ ಅಂಚುಗಳ ನಡುವೆ ಬರೀ ಮೆತ್ತಗಿನ ಲೋಹ ನಿಲ್ಲಬೇಕು. ಮೊದಲಿಗೆ ಅದು ನಿಲ್ಲುವುದೇ ಇಲ್ಲ. ನಾವು ಬಳಸುವ 60 ಪಾಲು ತವರ, 40 ಪಾಲು ಸೀಸದ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಲು ಶುರುವಾಗಿ, ಸುಮಾರು 190 ಡಿಗ್ರಿಗೆ ಪೂರ್ತಿ ನೀರಾಗುತ್ತದೆ. ನೀರಾದದ್ದು ಸಂದಿನಿಂದ ಸೋರಿ ಕೆಳಗೆ ಉಂಡೆ ಕಟ್ಟುತ್ತದೆ. ಇನ್ನಷ್ಟು ಹಾಕುತ್ತೀರಿ. ಅದೂ ಸೋರುತ್ತದೆ. ಐರನ್ ಅಲ್ಲಿಯೇ ನಿಂತಿರುತ್ತದೆ. ಒಂದೇ ಕಡೆ ಶಾಖ ತಿಂದ ಗಾಜು ಟಪ್ ಎಂದು ಬಿರುಕು ಬಿಡುತ್ತದೆ. ತರಗತಿಯಲ್ಲಿ ಬೆಸುಗೆಯ ಹೊತ್ತಿನಲ್ಲಿ ಒಡೆಯುವ ತುಂಡುಗಳಲ್ಲಿ ಹೆಚ್ಚಿನವು ಇಂಥ ಸಂದಿನ ಪಕ್ಕದವೇ. ಆಗ ಸೋಲ್ಡರ್ ಸರಿ ಇಲ್ಲ, ಐರನ್ ಸರಿ ಇಲ್ಲ ಎನ್ನುತ್ತಾರೆ.

ಸುತ್ತಿದ ಫಾಯಿಲ್ ಗಾಜಿನಿಂದ ಬಿಟ್ಟು ಏಳುವುದಕ್ಕೂ ಹೆಚ್ಚಾಗಿ ಗ್ರೈಂಡರ್ ಹಂತದ ಅವಸರವೇ ಕಾರಣ. ಉಜ್ಜಿದ ಅಂಚಿನಲ್ಲಿ ಬಿಳಿ ಪುಡಿ ಒಣಗಿ ಕೂತಿರುತ್ತದೆ. ಕಟ್ಟರ್‌ನ ಎಣ್ಣೆಯೂ ಇರುತ್ತದೆ. ಸೋಪು ನೀರಲ್ಲಿ ತೊಳೆದು ಒರೆಸದೆ ಫಾಯಿಲ್ ಸುತ್ತಿದರೆ ಅಂಟು ಹಿಡಿಯುವುದು ಆ ಪುಡಿಯನ್ನು, ಗಾಜನ್ನಲ್ಲ.

ಈ ಪಾಠ ನಾನು ಕಂಡುಹಿಡಿದದ್ದಲ್ಲ. 12ನೆಯ ಶತಮಾನದಲ್ಲಿ ಥಿಯೋಫಿಲಸ್ ಎಂಬ ಹೆಸರಿನಲ್ಲಿ ಬರೆದ ಸನ್ಯಾಸಿಯೊಬ್ಬರು ಕಿಟಕಿಯ ಗಾಜಿನ ಕೆಲಸವನ್ನು ಹಂತಹಂತವಾಗಿ ವಿವರಿಸಿದ್ದಾರೆ. ಮರದ ಹಲಗೆಗೆ ಸೀಮೆಸುಣ್ಣದ ಪುಡಿಯ ಬಿಳಿ ಬಳಿದು, ಅದರ ಮೇಲೆ ಕಿಟಕಿಯ ಅಳತೆಗೇ ಚಿತ್ರ ಬರೆಯಬೇಕು. ಗಾಜನ್ನು ಆ ಹಲಗೆಯ ಮೇಲಿಟ್ಟೇ ಗುರುತು ಮಾಡಿಕೊಳ್ಳಬೇಕು. ಆಗ ಕಟ್ಟರ್ ಇರಲಿಲ್ಲ. ಕೆಂಪಗೆ ಕಾಯಿಸಿದ ಕಬ್ಬಿಣ ತಾಗಿಸಿ ಗಾಜನ್ನು ಸೀಳುತ್ತಿದ್ದರು. ಆಮೇಲೆ ಇನ್ನೊಂದು ಕಬ್ಬಿಣದ ಸಲಕರಣೆಯಿಂದ ಅಂಚನ್ನು ಚೂರು ಚೂರೇ ಮುರಿದು ಆಕಾರಕ್ಕೆ ತರುತ್ತಿದ್ದರು. ಸ್ಪೇನ್‌ನ ಜಿರೋನಾದಲ್ಲಿ 14ನೆಯ ಶತಮಾನದ ಅಂಥ ಹಲಗೆಗಳು ಉಳಿದುಕೊಂಡಿವೆ. ಯಾವ ತುಂಡಿಗೆ ಯಾವ ಬಣ್ಣ ಎಂಬ ಗುರುತುಗಳೂ ಅವುಗಳ ಮೇಲಿವೆ. ಗ್ರೈಂಡರ್ ಇಲ್ಲದ ಕಾಲದಲ್ಲೂ ಕೊನೆಯ ಮಾತು ಹಲಗೆಯ ಗೆರೆಯದೇ ಆಗಿತ್ತು.

ಹಾಗೆಂದು ಎಲ್ಲವನ್ನೂ ಗ್ರೈಂಡರ್‌ಗೆ ಬಿಡುವುದೂ ಸರಿಯಲ್ಲ. ಕತ್ತರಿಸುವುದು ಸುಧಾರಿಸಿದರೆ ಉಜ್ಜುವ ಕೆಲಸ ಅರ್ಧ ಆಗುತ್ತದೆ. ಗೀರು ಒಂದೇ ಸಲ, ಅಂಚಿನಿಂದ ಅಂಚಿಗೆ. ಅದೇ ಗೀರಿನ ಮೇಲೆ ಮತ್ತೆ ಕಟ್ಟರ್ ಓಡಿಸಬೇಡಿ, ಗಾಜು ಹೇಳಿದ ಕಡೆ ಮುರಿಯುವುದಿಲ್ಲ, ಕಟ್ಟರ್‌ನ ಚಕ್ರವೂ ಹಾಳು. ಒಳಬಾಗಿದ ತಿರುವು ಆಳವಾಗಿದ್ದರೆ ಒಂದೇ ಏಟಿಗೆ ಆಸೆಪಡದೆ, ಸ್ವಲ್ಪ ಸ್ವಲ್ಪವೇ ಗೀರು ಹಾಕಿ ಇಕ್ಕಳದಲ್ಲಿ ತೆಗೆಯುತ್ತಾ ಹೋಗಿ. ಇದನ್ನೆಲ್ಲ ನೀವು ಮಾಡಿಯೇ ಕಲಿಯಬೇಕು.

ಇದೇ ಬ್ಯಾಚಿನಲ್ಲಿ ಒಬ್ಬ ಹುಡುಗ ಇದ್ದಾನೆ. ಮಾತು ಕಡಿಮೆ. ಆರು ಪಟ್ಟಿಗಳ ದೀಪದ ಶೇಡ್ ಮಾಡುತ್ತಿದ್ದಾನೆ. ಅವನ ಜೊತೆ ಸೇರಿದವರೆಲ್ಲ ಬೆಸುಗೆ ಮುಗಿಸಿ ಬೆಸುಗೆಯ ಗೆರೆಗಳನ್ನು ಕಪ್ಪಾಗಿಸುವ ಪಟಿನಾ ಹಚ್ಚುತ್ತಿದ್ದಾಗಲೂ ಇವನು ಗ್ರೈಂಡರ್ ಬಳಿಯೇ ಇದ್ದ. ‘ಇವನದು ಯಾವಾಗ ಮುಗಿಯುತ್ತೋ’ ಎಂದು ಪಕ್ಕದವರು ಕನಿಕರಪಟ್ಟರು. ಅವನು ಪ್ರತಿ ತುಂಡನ್ನೂ ಪ್ಯಾಟರ್ನ್ ಮೇಲಿಡುತ್ತಿದ್ದ, ತಲೆ ಬಗ್ಗಿಸಿ ನೇರ ಮೇಲಿನಿಂದ ನೋಡುತ್ತಿದ್ದ, ಮತ್ತೆ ಹೋಗಿ ಒಂಚೂರು ಉಜ್ಜುತ್ತಿದ್ದ. ಶೇಡ್‌ನಲ್ಲಿ ತಪ್ಪಿಗೆ ಜಾಗವಿಲ್ಲ. ಆರು ಪಟ್ಟಿಗಳೂ ಒಂದೇ ಅಳತೆ ಇಲ್ಲದಿದ್ದರೆ ಕೊನೆಯ ಅಂಚು ಮೊದಲ ಅಂಚಿಗೆ ಕೂಡುವುದೇ ಇಲ್ಲ. ಚಪ್ಪಟೆ ಫಲಕವಾದರೆ ಚೌಕಟ್ಟಿನಲ್ಲಿ ಏನಾದರೂ ಹೊಂದಾಣಿಕೆ ಮಾಡಬಹುದು, ಶೇಡ್‌ನಲ್ಲಿ ಎಲ್ಲಿ ಮಾಡುತ್ತೀರಿ? ಹೋದ ತರಗತಿಯಲ್ಲಿ ಅವನ ಆರು ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ಅಂಚುಗಳು ಒಂದೇ ನೇರದಲ್ಲಿದ್ದವು. ಆ ಬ್ಯಾಚಿನಲ್ಲಿ ಯಾರು ಮುಂದಿದ್ದಾರೆ ಎಂದು ಯಾರಾದರೂ ಕೇಳಿದರೆ ನಾನು ಅವನ ಹೆಸರೇ ಹೇಳುತ್ತೇನೆ.

ನ್ಯೂಯಾರ್ಕ್‌ನ ಟಿಫನಿ ಸ್ಟುಡಿಯೋದಲ್ಲಿ ಕ್ಲಾರಾ ಡ್ರಿಸ್ಕಲ್ ವಿನ್ಯಾಸ ಮಾಡಿದ, ವಿಸ್ಟೀರಿಯಾ ಎಂಬ ಹೂಬಳ್ಳಿಯ ದೀಪದಲ್ಲಿ ಸುಮಾರು 2,000 ತುಂಡುಗಳಿವೆ. 1901ರ ಹೊತ್ತಿನ ಕೆಲಸ. ಅಂಥ ಶೇಡ್‌ಗಳನ್ನು ಮರದ ಅಚ್ಚಿನ ಮೇಲೆ, ಅಚ್ಚಿನ ಮೇಲೆಯೇ ಬರೆದ ಗೆರೆಗಳಿಗೆ ಹೊಂದಿಸಿ ಕಟ್ಟುತ್ತಿದ್ದರು. ಅಷ್ಟು ತುಂಡುಗಳನ್ನು ಪಕ್ಕದ್ದನ್ನು ನೋಡಿಕೊಂಡು ಕೂರಿಸಿದ್ದರೆ ಏನಾಗುತ್ತಿತ್ತು, ಯೋಚಿಸಿ.

ಈಗಾಗಲೇ ತಪ್ಪಿಹೋಗಿದ್ದರೆ? ಎಲ್ಲಕ್ಕೂ ಒಂದೇ ಉತ್ತರ ಕೊಡಲಾರೆ. ಫಲಕವನ್ನು ನೋಡಿಯೇ ಹೇಳಬೇಕು. ಇನ್ನೂ ಬೆಸುಗೆ ಆಗಿಲ್ಲ ಅಂದರೆ ಫಾಯಿಲ್ ಕಿತ್ತು ಉಜ್ಜಿ, ಹೊಸ ಫಾಯಿಲ್ ಸುತ್ತಿ. ಎರಡು ಮೂರು ಕಡೆ ಮಾತ್ರ ಸಂದು ಅಗಲವಾಗಿದ್ದರೆ ಅದರೊಳಗೆ ತಾಮ್ರದ ತಂತಿ ಇಟ್ಟು ಬೆಸೆಯಬಹುದು. ನೇತುಹಾಕುವ ಸಣ್ಣ ಫಲಕಕ್ಕೆ ಇದು ಸಾಕು. ಕಿಟಕಿಗೋ ಬಾಗಿಲಿಗೋ ಕೂರಿಸುವ ದೊಡ್ಡ ಫಲಕಕ್ಕೆ ಸಾಕೆಂದು ನಾನು ಹೇಳುವುದಿಲ್ಲ. ಅದಕ್ಕೆ ತೂಕವಿದೆ, ಬಿಸಿಲು ಗಾಳಿ ಇದೆ, ಕೆಳಗೆ ಜನ ಓಡಾಡುತ್ತಾರೆ. ಅಂಥದ್ದನ್ನು ಅನುಭವಿಗಳಿಗೆ ತೋರಿಸದೆ ಕೂರಿಸಬೇಡಿ. ಶೇಡ್‌ಗೆ ವಯರಿಂಗ್ ಮಾಡುವುದಂತೂ ಎಲೆಕ್ಟ್ರಿಷಿಯನ್ ಕೆಲಸ.

ಐರನ್ ಕಾಯಿಸುವ ಮೊದಲು ನಾನು ನೋಡುವುದು ಇಷ್ಟೇ. ಎಲ್ಲ ತುಂಡುಗಳೂ ಪ್ಯಾಟರ್ನ್ ಮೇಲೆ, ಸುತ್ತ ಮರದ ಪಟ್ಟಿಗಳ ನಡುವೆ, ತಳ್ಳದೆ ಒತ್ತದೆ ಕೂರಬೇಕು. ಆಯತದ ಫಲಕವಾದರೆ ಮೂಲೆಯಿಂದ ಮೂಲೆಗೆ ಎರಡೂ ಅಳತೆ ಒಂದೇ ಬರಬೇಕು. ಗೆರೆಗಳು ಗಾಜಿನ ಅಡಿಯಲ್ಲಿ ಎಲ್ಲೂ ಮರೆಯಾಗಿರಬಾರದು. ಇದು ಸರಿ ಇದ್ದರೆ ಬೆಸುಗೆಗೆ ನೀವು ಅಂದುಕೊಂಡಷ್ಟು ಹೊತ್ತೂ ಹಿಡಿಯುವುದಿಲ್ಲ.

ಮತ್ತೆ, ಪ್ಯಾಟರ್ನ್‌ನ ಇನ್ನೊಂದು ಪ್ರತಿಯನ್ನು ನಂಬರ್ ಸಮೇತ ಎತ್ತಿಡಿ, ಬಣ್ಣದ ಗಾಜಿನ ಉಳಿಕೆಯನ್ನೂ ಎತ್ತಿಡಿ. ಮುಂದೆ ಯಾವಾಗಲಾದರೂ ಒಂದು ತುಂಡು ಒಡೆದರೆ ಆ ಕಾಗದದಿಂದ ಅದೇ ನಂಬರಿನ ತುಂಡನ್ನು ಕತ್ತರಿಸಬಹುದು. ಫಲಕವನ್ನು ಪ್ಯಾಟರ್ನ್‌ಗೆ ಕಟ್ಟಿದ್ದವರಿಗೆ ಅದು ಹೆಚ್ಚು ತೊಂದರೆ ಕೊಡದೆ ಕೂರುತ್ತದೆ. ಉಳಿದವರು ಒಡೆದ ಜಾಗದ ಆಕಾರವನ್ನು ಹೊಸದಾಗಿ ತೆಗೆದುಕೊಳ್ಳಬೇಕು.